ಮೊಮ್ಮಗನನ್ನು ಓಹಾಯೋಗೆ ಒಪ್ಪಿಸಿದ ದಿನ

ಫ್ಲಾರಿಡಾದ ಹುಡುಗ ಕಾಲೇಜು ಟೀಮಿನಲ್ಲಿ ನಮ್ಮ ಮೊಮ್ಮಗನ ಜಾಗ ಕಿತ್ತುಕೊಳ್ಳಲಿಲ್ಲ. ನಮ್ಮ ಅಳಿಯಂದಿರೇ ಅದನ್ನು ಬಿಟ್ಟುಕೊಟ್ಟರು. ಸೋಫಾದ ಮೇಲೆ ಕೂತು, ನಗುನಗುತ್ತಾ, ಬಂದವರ ಕೈಗೆ ಕೇಸರಿಭಾತಿನ ತಟ್ಟೆ ಕೊಟ್ಟು ಬಿಟ್ಟುಕೊಟ್ಟರು. ಆಮೇಲೆ ಕನ್ನಡ ಕೂಟದ ಜನ ಏನೇನೋ ಹೇಳಿದರು. ನಮ್ಮವರ ಬಣ್ಣ ನೋಡಿ ಬಿಟ್ಟರು ಅಂದರು ಒಬ್ಬರು. ಈ ರಾಜ್ಯದ ಕಾಲೇಜಿನವರಿಗೆ ಮನೆಯ ಹುಡುಗರು ಕಣ್ಣಿಗೆ ಬೀಳುವುದಿಲ್ಲ, ಹೊರಗಿನಿಂದಲೇ ತರಬೇಕು ಅಂದರು ಇನ್ನೊಬ್ಬರು. ಅವರಲ್ಲಿ ಯಾರೂ ಆ ದಿನ ನಮ್ಮ ಮನೆಯಲ್ಲಿ ಇರಲಿಲ್ಲ. ನಾನಿದ್ದೆ.

ಮೊಮ್ಮಗ ಆಗ ನ್ಯೂಜರ್ಸಿಯ ಮಾರಿಸ್‌ಟೌನಿನಲ್ಲಿ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದ. ಬಾಗಿಲು ತುಂಬುವಂಥ ಆಳು. ಚಿಕ್ಕಂದಿನಿಂದಲೂ ದಪ್ಪ. ಕನ್ನಡ ಕೂಟದ ಊಟಕ್ಕೆ ಹೋದರೆ ಆಂಟಿಯರೆಲ್ಲ ಅವನ ತಟ್ಟೆಯನ್ನೇ ನೋಡುವರು. "ಅನ್ನ ಕಮ್ಮಿ ಮಾಡ್ಸಿ, ಶುಗರ್ ಬರುತ್ತೆ" ಎಂದು ನನ್ನ ಮಗಳಿಗೆ ಬುದ್ಧಿ ಹೇಳುವರು. ನಾನು ಅವರ ಎದುರಿಗೇ ಇನ್ನೊಂದು ಸೌಟು ಬಡಿಸುತ್ತಿದ್ದೆ. ಅದೇ ಮೈ ನೋಡಿ ಸ್ಕೂಲಿನ ಕೋಚ್ ಅವನನ್ನು ಫುಟ್‌ಬಾಲಿಗೆ ಸೇರಿಸಿಕೊಂಡರು. ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಡಿಕ್ಕಿ ಹೊಡೆಯುವ ಇಲ್ಲಿನ ಫುಟ್‌ಬಾಲ್.

ಇವನು ಚೆಂಡು ಮುಟ್ಟುವುದೇ ಇಲ್ಲ. ಇವನ ಹಿಂದೆ ಒಬ್ಬ ಹುಡುಗ ಚೆಂಡು ಹಿಡಿದು ಎಸೆಯಲು ನಿಂತಿರುತ್ತಾನೆ. ಅವನನ್ನು ಕೆಡವಲು ಎದುರಿನವರು ನುಗ್ಗಿ ಬರುತ್ತಾರೆ. ಇವನು ಅಡ್ಡ ನಿಲ್ಲಬೇಕು, ಅಷ್ಟೇ ಕೆಲಸ. ನನಗೆ ಒಂದೇ ಆಟದಲ್ಲಿ ಅರ್ಥವಾಯಿತು, ಅಲ್ಲಿಂದ ಮುಂದೆ ಒಂದು ಆಟವನ್ನೂ ಬಿಡಲಿಲ್ಲ. ಶನಿವಾರ ಮಧ್ಯಾಹ್ನ ಆ ತಣ್ಣನೆಯ ಮೆಟ್ಟಿಲುಗಳ ಮೇಲೆ ಕಂಬಳಿ ಹಾಸಿ ಕೂತರೆ ನನಗೆ ಮೈಮೇಲೆ ಬಂದ ಹಾಗೆ ಆಗುತ್ತಿತ್ತು. "ಹಿಡ್ಕೋ ಅವನನ್ನ! ಬಿಡಬೇಡ, ಹಿಡ್ಕೋ!" ಎಂದು ಗಂಟಲು ಕಟ್ಟುವಷ್ಟು ಕೂಗುತ್ತಿದ್ದೆ. ಒಂದು ದಿನ ಕಾರಿನಲ್ಲಿ ಮೊಮ್ಮಗ ಹೇಳಿದ:

"ಅಜ್ಜಿ, ಡೋಂಟ್ ಯೆಲ್ ಹಿಡ್ಕೋ. ಹೋಲ್ಡಿಂಗ್ ಈಸ್ ಅ ಪೆನಾಲ್ಟಿ."

"ಹಿಡೀಬಾರ್ದಾ? ಮತ್ತೆ ಎಂತ ಕೂಗುದು ಮಾರಾಯ?"

"ಪುಶ್."

ಮುಂದಿನ ಶನಿವಾರ "ದಬ್ಬು! ದಬ್ಬು!" ಎಂದು ಶುರು ಮಾಡಿದೆ. ಪಕ್ಕದಲ್ಲಿದ್ದ ಬಿಳಿ ಹೆಂಗಸು ಅದೇನು ಎಂದು ಕೇಳಿದಳು. ಅವಳ ಭುಜವನ್ನೇ ದಬ್ಬಿ ತೋರಿಸಿದೆ. ಅರ್ಧ ಆಟ ಮುಗಿಯುವ ಹೊತ್ತಿಗೆ ಆ ಸಾಲಿನ ಹೆಂಗಸರೆಲ್ಲ "ಡಬ್ಬೂ, ಡಬ್ಬೂ" ಎಂದು ಕೂಗುತ್ತಿದ್ದರು. ಮೊಮ್ಮಗ ಹೆಲ್ಮೆಟ್ಟಿನೊಳಗೇ ನಕ್ಕಿದ್ದು ನನಗೆ ಕಾಣಿಸಿತು. ನಗುತ್ತಲೇ ಎದುರಿನವನನ್ನು ಅಂಗಾತ ಕೆಡವಿದ.

ಅದೇ ವರ್ಷ ಅಳಿಯಂದಿರ ಕೆಲಸ ಹೋಯಿತು. ನ್ಯೂಯಾರ್ಕಿನಲ್ಲಿ ಬ್ಯಾಂಕಿನ ಕೆಲಸ. ಬ್ಯಾಂಕೇ ಮುಳುಗಿದ ಮೇಲೆ ಇವರನ್ನು ಯಾರು ಕೇಳುತ್ತಾರೆ? ನಮ್ಮ ಬೀದಿಯಲ್ಲೇ ಬೆಳಗಿನ ಟ್ರೇನಿಗೆ ಓಡುತ್ತಿದ್ದವರು ಎಷ್ಟೋ ಜನ ಮನೆಯಲ್ಲಿ ಕೂತಿದ್ದರು. ಮಗಳು ಪ್ರಿನ್ಸ್‌ಟನ್ ಕಡೆ ಔಷಧಿ ಕಂಪನಿಗೆ ಡ್ರೈವ್ ಮಾಡಿಕೊಂಡು ಹೋಗಿ ಬರುವುದರಲ್ಲಿ ಮನೆ ನಡೆಯುತ್ತಿತ್ತು. ಯಾವುದಾದರೂ ಕಾಲೇಜು ಮೊಮ್ಮಗನನ್ನು ಆಟಕ್ಕೆ ಕರೆದರೆ ಓದು, ಊಟ, ವಸತಿ ಎಲ್ಲ ಅವರದೇ. ಕರೆಯದಿದ್ದರೆ ಮನೆ ಹತ್ತಿರದ ಕೌಂಟಿ ಕಾಲೇಜು. ಅಲ್ಲಿ ಫುಟ್‌ಬಾಲ್ ಇಲ್ಲ, ಅಲ್ಲಿಗೆ ಹೋದರೆ ಆಟ ಮುಗಿದ ಹಾಗೆ. ಹುಡುಗ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಆದರೆ ಫೋನ್ ಬಂದಾಗಲೆಲ್ಲ ತಿನ್ನುವುದು ನಿಲ್ಲಿಸುತ್ತಿದ್ದ. ಅವನು ತಿನ್ನುವುದು ನಿಲ್ಲಿಸಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಚಳಿಗಾಲದಲ್ಲಿ ನಮ್ಮ ರಾಜ್ಯದ ಕಾಲೇಜಿನ ಕೋಚ್ ಮನೆಗೇ ಬರುತ್ತಾರೆ ಎಂದು ಸುದ್ದಿ ಬಂತು. ಮನೆಯಲ್ಲಿ ಹೆಣ್ಣು ನೋಡಲು ಬರುವವರ ಸಂಭ್ರಮ. ಮಗಳು ರಜೆ ಹಾಕಿ ಕೇಸರಿಭಾತು, ಬೋಂಡ ಮಾಡಿದಳು. ನನಗೆ "ಅಮ್ಮಾ, ನೀನು ಮಾತ್ರ ಸುಮ್ನೆ ಕೂತ್ಕೋ" ಎಂದು ಮೊದಲೇ ಹೇಳಿಟ್ಟಳು.

ಕೋಚ್ ಬಂದರು. ಮೊಮ್ಮಗ ಇನ್ನೂ ಸ್ಕೂಲಿನಲ್ಲಿದ್ದ, ಮನೆಯವರ ಹತ್ತಿರ ಮಾತಾಡಬೇಕೆಂದೇ ಅವರು ಬಂದದ್ದು. ಒಳ್ಳೆಯ ಮನುಷ್ಯ, ಬಾಗಿಲಲ್ಲೇ ಬೂಟು ಬಿಚ್ಚಿದರು. ಬೋಂಡ ಬೇಡ ಅನ್ನಲಿಲ್ಲ. ಜರ್ಸಿಯ ಹುಡುಗರು ಜರ್ಸಿಯಲ್ಲೇ ಉಳಿಯಬೇಕು, ಅದೇ ನನ್ನ ಆಸೆ ಅಂದರು. ಒಂದು ಜಾಗ ಉಳಿದಿದೆ, ಫ್ಲಾರಿಡಾದ ಒಬ್ಬ ಹುಡುಗ ಇದ್ದಾನೆ, ನಿಮ್ಮವನಿದ್ದಾನೆ, ನನ್ನ ಮನಸ್ಸು ನಿಮ್ಮವನ ಕಡೆಗೇ ಇದೆ, ಇವನಂಥ ಬಲವಂತನನ್ನು ಈ ವರ್ಷ ನಾನು ನೋಡಿಲ್ಲ ಅಂದರು.

ಆಗ ಅಳಿಯಂದಿರು ಬಾಯಿ ತೆರೆದರು.

"ನೋ ನೋ, ನಾಟ್ ಸ್ಟ್ರಾಂಗ್. ಜಸ್ಟ್ ಫ್ಯಾಟ್. ಫ್ರಮ್ ಚೈಲ್ಡ್‌ಹುಡ್."

ಕೋಚ್ ನಕ್ಕು, ತುಂಬಾ ಕಷ್ಟಪಡುವ ಹುಡುಗ ಎಂದು ಸ್ಕೂಲಿನವರು ಹೇಳಿದ್ದಾರಲ್ಲ ಅಂದರು.

"ಹೀ? ವೆರಿ ಲೇಜಿ. ಮಾರ್ನಿಂಗ್ ವೇಕಿಂಗ್ ಅಪ್ ಈಸ್ ಬಿಗ್ ಪ್ರಾಬ್ಲಮ್."

ಮಗಳು ತನ್ನ ಪಾಲು ಸೇರಿಸಿದಳು. ಓದಿನಲ್ಲೂ ಅಷ್ಟಕ್ಕಷ್ಟೇ ಅಂದಳು. ಹುಡುಗನಿಗೆ ಎಲ್ಲದರಲ್ಲೂ ಎ ಬರುತ್ತಿತ್ತು. ನನಗೆ ತಡೆಯಲಿಲ್ಲ. "ನೋ, ಗುಡ್ ಬಾಯ್, ವೆರಿ ಸ್ಟ್ರಾಂಗ್" ಎಂದು ಒಂದು ಹೆಜ್ಜೆ ಮುಂದೆ ಬಂದೆ. ಮಗಳು ಕಣ್ಣು ಬಿಟ್ಟು ನನ್ನ ಕೈಗೆ ಖಾಲಿ ತಟ್ಟೆಗಳನ್ನು ಕೊಟ್ಟು ಒಳಗೆ ಕಳಿಸಿದಳು. ಅಡುಗೆಮನೆಯಿಂದಲೇ ಕೇಳಿಸಿಕೊಂಡೆ. ನಿಮ್ಮ ಮಗ ನಮ್ಮಲ್ಲಿಗೆ ಬಂದರೆ ನಿಮಗೆ ಸಂತೋಷವೇ ಎಂದು ಕೋಚ್ ನೇರವಾಗಿ ಕೇಳಿದರು. ಅಳಿಯಂದಿರು ನೇರವಾಗಿ ಹೇಳಲಿಲ್ಲ. "ಲೆಟ್ ಅಸ್ ಸೀ. ವೀ ವಿಲ್ ಡಿಸ್ಕಸ್ ಅಂಡ್ ಇನ್‌ಫಾರ್ಮ್ ಯೂ" ಅಂದರು. ಗಂಡಿನ ಕಡೆಯವರು ಊರಿಗೆ ಹೋಗಿ ಕಾಗದ ಬರೀತೀವಿ ಅನ್ನುತ್ತಾರಲ್ಲ, ಅದೇ ಧಾಟಿ.

ಕೋಚ್ ಬೂಟು ಹಾಕಿಕೊಂಡು ಹೋದರು. ಅದೇ ವಾರ ಸ್ಕೂಲಿನ ಕೋಚ್ ಮೊಮ್ಮಗನನ್ನು ಕರೆದು ಹೇಳಿದರಂತೆ: ನಿನ್ನ ಮನೆಯವರಿಗೆ ಇಷ್ಟವಿಲ್ಲ, ಅಪ್ಪನೇ ಸೋಮಾರಿ ಅಂತಾನೆ, ಕಾಲೇಜಿನವರು ಫ್ಲಾರಿಡಾದವನನ್ನು ತೆಗೆದುಕೊಳ್ಳುವ ಹಾಗಿದೆ.

ಹುಡುಗ ಬಂದು ಬ್ಯಾಗು ಎಸೆದ ಸದ್ದಿಗೆ ಗೋಡೆಯ ಕ್ಯಾಲೆಂಡರ್ ಬಿತ್ತು.

"ಯೂ ಟೋಲ್ಡ್ ಹಿಮ್ ಐ ಆಮ್ ಲೇಜಿ! ಡ್ಯಾಡ್, ಹೂ ಡಸ್ ದ್ಯಾಟ್?"

"ಎದುರಿಗೆ ಹೊಗಳಿದ್ರೆ ದೃಷ್ಟಿ ಆಗುತ್ತೆ ಕಣೋ" ಅಂದರು ಅಳಿಯಂದಿರು. "ಮೇಷ್ಟ್ರು ನನ್ನ ಹೊಗಳಿದಾಗ ನಮ್ಮಪ್ಪ ಏನಂತಿದ್ರು ಗೊತ್ತಾ? ದಡ್ಡ ಮುಂಡೇದು ಸಾರ್, ನಾಲ್ಕು ಬಿಗೀರಿ ಅಂತಿದ್ರು. ಮೇಷ್ಟ್ರಿಗೆ ಅರ್ಥ ಆಗ್ತಿತ್ತು."

"ಆ ಮೇಷ್ಟ್ರು ಮೈಸೂರಿನವರು, ಅಳಿಯಂದಿರೇ" ಅಂದೆ ನಾನು. "ಈ ಕೋಚ್ ಟೊಮೇಟೊಗೆ ಟೊಮೇಟೊ ಅಂತಾನೆ. ನೀವು ಸೋಮಾರಿ ಅಂದ್ರೆ ಸೋಮಾರಿ ಅಂತ ನಂಬ್ತಾನೆ. ಈಗ ಫೋನ್ ಮಾಡಿ, ಸುಳ್ಳು ಹೇಳಿದೆ ಅನ್ನಿ."

"ನಾವಾಗೇ ಮೇಲೆ ಬಿದ್ದು ಫೋನ್ ಮಾಡೋದಾ ಅತ್ತೆ? ಮರ್ಯಾದೆ ಪ್ರಶ್ನೆ."

ಎರಡು ದಿನ ಬಿಟ್ಟು ಮಾಡಿದರು. ಆ ಹೊತ್ತಿಗೆ ಫ್ಲಾರಿಡಾದವನ ಮಾತು ಮುಗಿದುಹೋಗಿತ್ತು.

ಹುಡುಗರನ್ನು ಆರಿಸುವುದು ನನಗೆ ಹೊಸದೇನಲ್ಲ. ಮೈಸೂರಿನಲ್ಲಿ ನಮ್ಮದೊಂದು ಸಣ್ಣ ಹೋಟೆಲ್ ಇತ್ತು. ನಮ್ಮ ಯಜಮಾನರು ಕೆಲಸಕ್ಕೆ ಹುಡುಗರನ್ನು ಹೆಚ್ಚಾಗಿ ಕುಂದಾಪುರದ ಕಡೆಯಿಂದ ತರಿಸುತ್ತಿದ್ದರು. ಮೈಸೂರಿನ ಹುಡುಗ ಬೈದರೆ ಸಂಜೆಗೆ ಅಮ್ಮನ ಹತ್ತಿರ ಓಡುತ್ತಾನೆ, ದೂರದವನು ಎಲ್ಲಿಗೆ ಓಡುತ್ತಾನೆ ಎನ್ನುವುದು ಅವರ ಲೆಕ್ಕ. ದೂರದವರೂ ಓಡುತ್ತಿದ್ದರು, ಬೊಂಬಾಯಿಗೆ. ಹತ್ತಿರದವರಲ್ಲಿ ಕೆಲವರು ತಮ್ಮ ಮದುವೆ ಆಗುವವರೆಗೂ ಇದ್ದರು. ಊರು ನೋಡಿ ಹುಡುಗ ಎಂಥವನೆಂದು ಹೇಳಲು ನನಗಂತೂ ಬಂದಿಲ್ಲ, ಅವರಿಗೂ ಬರಲಿಲ್ಲ. ಆದರೆ ಆರಿಸುವವನಿಗೆ ಬೇಕಾದದ್ದು ಒಂದೇ ಉತ್ತರ ಎಂದು ನನಗೆ ಗೊತ್ತು: ಬರುತ್ತೀಯೋ, ಇಲ್ಲವೋ.

ಓಹಾಯೋದ ಒಂದು ಕಾಲೇಜಿನಿಂದಲೂ ಆಗಾಗ ಫೋನ್ ಬರುತ್ತಿತ್ತು. ಸ್ಕೂಲಿನ ಕೋಚ್ ಅಲ್ಲಿಗೆ ಇವನ ಆಟದ ವಿಡಿಯೋ ಕಳಿಸಿದ್ದರು. ಮೊಮ್ಮಗನಿಗೆ ಆಸೆ ಇತ್ತು. ಒಂದು ದಿನ ಅಕ್ಕಿ ಆರಿಸುತ್ತಿದ್ದಾಗ ನನ್ನ ಪಕ್ಕ ಕೂತು, "ಅಜ್ಜಿ, ಅವ್ರು ಕರೆದ್ರೆ ಐ ವಿಲ್ ಗೋ. ಬಟ್ ಡ್ಯಾಡ್‌ಗೆ ಕೆಲ್ಸ ಇಲ್ಲ, ಹೌ ಕ್ಯಾನ್ ಐ ಲೀವ್?" ಎಂದಿದ್ದ. "ನೀನು ಇಲ್ಲಿ ಕೂತ್ರೆ ಅವರಿಗೆ ಕೆಲಸ ಸಿಗ್ತದಾ?" ಎಂದು ಕೇಳಿದ್ದೆ. ಅವನು ಮೊರದಿಂದ ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟ.

ಒಂದು ಮಂಗಳವಾರ ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ. ಅಳಿಯಂದಿರು ಸಿಟಿಗೆ ಇಂಟರ್‌ವ್ಯೂಗೆ ಹೋಗಿದ್ದರು, ಮಗಳು ಆಫೀಸಿನಲ್ಲಿ. ಫೋನ್ ಹೊಡೆದುಕೊಂಡಿತು. ಎತ್ತಿದೆ. ಓಹಾಯೋದ ಕೋಚ್.

ಅಪ್ಪ ಅಮ್ಮ ಇಲ್ಲವೇ ಎಂದು ಕೇಳಿದ. ನೋ, ಗ್ರಾಂಡ್‌ಮದರ್ ಅಂದೆ. ಟಿ.ವಿ. ನೋಡಿ ಕಲಿತ ಇಂಗ್ಲಿಷು, ಅವನು ನಿಧಾನವಾಗಿ ಹೇಳಿದ್ದು ನನಗೆ ಚೆನ್ನಾಗಿಯೇ ತಿಳಿಯಿತು. ಒಂದು ಜಾಗ ಇದೆ. ತನ್ನ ಊರಿನಲ್ಲೇ ಒಬ್ಬ ಹುಡುಗ ಇದ್ದಾನೆ, ಅವನು ಬರುವುದು ಖಂಡಿತ. ನಿಮ್ಮವನು ಅವನಿಗಿಂತ ಒಳ್ಳೆಯ ಆಟಗಾರ. ಆದರೆ ದೂರದ ಹುಡುಗರು ಹೂಂ ಅಂದು ಕೊನೆಗೆ ಅಮ್ಮ ಅತ್ತಳು ಎಂದು ಕೈ ಎತ್ತುತ್ತಾರೆ. ಇವತ್ತು ಸಂಜೆಯೊಳಗೆ ಹೇಳಬೇಕು. ಮನೆಯವರು ಕಳಿಸುತ್ತಾರಾ?

ಸಂಜೆ ಅಳಿಯಂದಿರು ಬಂದು ಫೋನ್ ಹಿಡಿದರೆ ಮತ್ತೆ "ಲೆಟ್ ಅಸ್ ಸೀ" ಎಂದೇ ಶುರು ಮಾಡುತ್ತಾರೆ.

"ಹೀ ಕಮಿಂಗ್" ಅಂದೆ. "ವೀ ಸೆಂಡಿಂಗ್. ನೋ ಕ್ರೈಯಿಂಗ್."

ಹುಡುಗ ಸೋಮಾರಿಯೇನೂ ಅಲ್ಲವಲ್ಲ ಎಂದು ಕೇಳಿದ. ಆ ಸುದ್ದಿ ಓಹಾಯೋವರೆಗೂ ಹೋಗಿತ್ತು!

"ಫಾದರ್ ಲೈಯಿಂಗ್! ಬಾಯ್ ಗುಡ್. ವೆರಿ ಸ್ಟ್ರಾಂಗ್. ಈಟಿಂಗ್ ಟೂ ಮಚ್. ಯೂ ಗಿವ್ ಮೋರ್ ಫುಡ್."

ಅವನು ನಕ್ಕ ನಗುವಿಗೆ ಫೋನ್ ಕಿವಿಯಿಂದ ದೂರ ಹಿಡಿಯಬೇಕಾಯಿತು. ಸರಿ ಅಜ್ಜಿ, ಆದರೆ ಹುಡುಗನೇ ಬಾಯಿಬಿಟ್ಟು ಹೇಳಬೇಕು, ಸಂಜೆಯೊಳಗೆ ಫೋನ್ ಮಾಡಿಸಿ ಎಂದು ನಂಬರ್ ಹೇಳಿದ. ಕ್ಯಾಲೆಂಡರಿನ ಮೇಲೆ ಬರೆದು, ಆ ಹಾಳೆ ಹರಿದು, ಸೀರೆಯ ಮೇಲೆ ಮಗಳ ದೊಡ್ಡ ಜಾಕೆಟ್ ಹಾಕಿ, ಬೂಟು ತೊಟ್ಟು ಹೊರಟೆ. ಸ್ಕೂಲು ಗುಡ್ಡದಾಚೆ. ಹಾದಿಯಲ್ಲಿ ಹಿಮ ಗಟ್ಟಿಯಾಗಿತ್ತು. ಒಂದು ಕಡೆ ಜಾರಿ ಯಾರದೋ 'ಮನೆ ಮಾರಾಟಕ್ಕಿದೆ' ಬೋರ್ಡಿನ ಕಂಬ ಹಿಡಿದು ನಿಂತೆ. ಎದೆ ಉರಿಯುತ್ತಿತ್ತು, ಆದರೂ ನಗು ಬರುತ್ತಿತ್ತು. ಅಷ್ಟು ಜೋರಾಗಿ ನಾನು ಮದುವೆಗೆ ಮುಂಚೆ ನಡೆದಿದ್ದೆನೋ ಏನೋ.

ಸ್ಕೂಲಿನ ಆಫೀಸಿನಲ್ಲಿ ಒಬ್ಬಳು ಸಹಿ ಮಾಡಿ ಅಂದಳು. ಕನ್ನಡದಲ್ಲಿ ಮಾಡಿದೆ. ಅದನ್ನು ತಿರುಗಿಸಿ ತಿರುಗಿಸಿ ನೋಡಿ ಜಿಮ್ಮಿಗೆ ಕರೆದುಕೊಂಡು ಹೋದಳು. ಮೊಮ್ಮಗ ಅಂಗಾತ ಮಲಗಿ ಕಬ್ಬಿಣ ಎತ್ತುತ್ತಿದ್ದ. ನನ್ನನ್ನು ನೋಡಿ ಅದನ್ನು ಧಡ್ ಎಂದು ಇಟ್ಟು ಎದ್ದ.

"ಅಜ್ಜಿ! ವಾಟ್ ಹ್ಯಾಪನ್ಡ್? ಡ್ಯಾಡ್ ಓಕೆ?"

"ನಿಮ್ಮಪ್ಪನಿಗೆ ಎಂತ ಆಗ್ತದೆ? ಓಹಾಯೋದವ ಫೋನ್ ಮಾಡಿದ್ದ. ಬರ್ತಾನೆ ಅಂತ ಹೇಳಿದ್ದೇನೆ. ಬರುದಿಲ್ವಾದ್ರೆ ಈಗ್ಲೇ ಬೊಗಳು."

ಅವನು ಆ ಹಾಳೆ ನೋಡಿದ, ನನ್ನನ್ನು ನೋಡಿದ. "ಯೂ ಕಮಿಟೆಡ್ ಮೀ?" ಅಂದ. ಮರುಕ್ಷಣ ನನ್ನ ಕಾಲು ನೆಲದ ಮೇಲಿರಲಿಲ್ಲ. ಬೆವರು ನಾತದ ಆ ಹುಡುಗ ನನ್ನನ್ನು ಎತ್ತಿಕೊಂಡು ಜಿಮ್ಮಿನಲ್ಲೆಲ್ಲ ಸುತ್ತಿದ. ಇದ್ದವರೆಲ್ಲ ಚಪ್ಪಾಳೆ ಹೊಡೆದರು. ಅವನ ಕೋಚಿನ ಫೋನಿನಿಂದಲೇ ಓಹಾಯೋಗೆ ಮಾಡಿದ. "ಯೆಸ್ ಸರ್" ಎಂದು ಎಷ್ಟು ಸಲ ಅಂದನೋ.

ಸಂಜೆ ಅಳಿಯಂದಿರು ಟೈ ಸಡಿಲಿಸುತ್ತಾ ಕೂತು ಕೇಳಿಸಿಕೊಂಡರು. ಇಂಟರ್‌ವ್ಯೂ ಹೇಗಾಯಿತೆಂದು ಕೇಳುವ ಅಗತ್ಯ ಇರಲಿಲ್ಲ, ಮುಖ ನೋಡಿದರೇ ತಿಳಿಯುತ್ತಿತ್ತು.

"ಯೋಚ್ನೆ ಮಾಡಿ ಹೇಳ್ತೀವಿ ಅನ್ಬೇಕಿತ್ತು ಅತ್ತೆ. ನಾವು ಜಾಗ ನೋಡಿಲ್ಲ, ಜನ ನೋಡಿಲ್ಲ."

"ಯೋಚನೆ ಮಾಡಿದ್ದಕ್ಕೆ ಫ್ಲಾರಿಡಾದವ ಬಂದು ಕೂತಿದ್ದಾನೆ."

ಮಗಳು ಅತ್ತಳು. ಸಂತೋಷಕ್ಕೋ ದುಃಖಕ್ಕೋ ನಾನು ವಿಚಾರಿಸಲಿಲ್ಲ. ಅಳಿಯಂದಿರು ಎದ್ದು, ಮಗನ ಬೆನ್ನಿಗೆ ಒಂದು ಗುದ್ದು ಕೊಟ್ಟು, "ಒಳ್ಳೆ ಹುಡುಗ ನೀನು" ಅಂದರು. ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಹುಡುಗ ಕೇಳಿಸದವನ ಹಾಗೆ ಮೂರನೇ ಸಲ ಅನ್ನ ಹಾಕಿಸಿಕೊಂಡ.

ನಾನು ಆಮೇಲೆ ಯೋಚಿಸಿದೆ. ಓಹಾಯೋದಲ್ಲಿ ಒಬ್ಬ ಹುಡುಗ ಅವತ್ತು ಊಟ ಬಿಟ್ಟಿರುತ್ತಾನೆ. ಹೊರಗಿನವನು ಬಂದು ನಮ್ಮ ಜಾಗ ತಿಂದ ಎಂದು ಅವನ ಮನೆಯವರು ಶಪಿಸುತ್ತಿರುತ್ತಾರೆ. ಶಪಿಸಲಿ. ನಾನು ಅವರ ಜಾಗದಲ್ಲಿದ್ದರೂ ಶಪಿಸುತ್ತಿದ್ದೆ. ಆದರೆ ಅಳಿಯಂದಿರು ಹೇಳಿದ ಒಂದು ಮಾತು ಸರಿ ಇತ್ತು: ಜಾಗ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಮೊಸರನ್ನ ಕಲಸಿ, ಉಪ್ಪಿನಕಾಯಿ ಕಟ್ಟಿ, ಫ್ಲಾಸ್ಕಿಗೆ ಕಾಫಿ ತುಂಬಿ, ಕಾರಿನ ಬೀಗದ ಕೈ ತೆಗೆದುಕೊಂಡು ಹೋಗಿ ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂತೆ. ಹಾರ್ನ್ ಒತ್ತಿದೆ. ಅಳಿಯಂದಿರು ಲುಂಗಿಯಲ್ಲೇ ಬಾಗಿಲಿಗೆ ಬಂದರು.

"ಅತ್ತೆ! ಈ ಚಳೀಲಿ ಎಲ್ಲಿಗೆ?"

"ಓಹಾಯೋಗೆ. ನಿಮಗೂ ಕೆಲಸ ಇಲ್ಲ, ನನಗೂ ಇಲ್ಲ. ಪ್ಯಾಂಟು ಹಾಕ್ಕೊಂಡು ಬನ್ನಿ."