ಕಸ್ತೂರಿಯನ್ನು ಹುಡುಕಿಕೊಂಡು ಮುದ್ದೇಬಿಹಾಳದವರೆಗೆ

ಬೆಳಗ್ಗೆ ಏಳಕ್ಕೆ ವಿಜಯಪುರದಲ್ಲಿ ಇಂಡಿ ಬಸ್ಸು ಹತ್ತಿದೆ. ಆಧಾರ್ ಕಾರ್ಡು ತೋರಿಸಿದ್ದಕ್ಕೆ ಕಂಡಕ್ಟರ್ ಶೂನ್ಯ ದರದ ಟಿಕೆಟ್ ಕೊಟ್ಟ. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಇಪ್ಪತ್ತಾರು ವರ್ಷ ರಕ್ತದ ಕ್ಯಾನ್ಸರ್‌ಗಳ ಮೇಲೆ, ಅದರಲ್ಲೂ ದುಗ್ಧಗ್ರಂಥಿಗೆ ಬರುವ ಲಿಂಫೋಮಾದ ಮೇಲೆ ಸಂಶೋಧನೆ ಮಾಡಿದವಳು ನಾನು. ಸಾವಿರಾರು ರೋಗಿಗಳ ಜೀವಕೋಶಗಳನ್ನು ಗಾಜಿನ ಪಟ್ಟಿಯ ಮೇಲೆ ನೋಡಿದ್ದೆ. ಒಬ್ಬರ ಮನೆಯ ಹೊಸ್ತಿಲನ್ನೂ ತುಳಿದಿರಲಿಲ್ಲ.

ಈಗ ಹೊರಟದ್ದು ಕಸ್ತೂರಿಗಾಗಿ. ಕುತ್ತಿಗೆಯ ಗಂಟಿನ ತುಣುಕೊಂದನ್ನು ನಮ್ಮ ಸಂಶೋಧನೆಗೆ ಕೊಟ್ಟಿದ್ದವಳು. ಆರು ಸುತ್ತಿನ ಕೀಮೋದಲ್ಲಿ ನಾಲ್ಕು ಮುಗಿಸಿದ ಮೇಲೆ ಒಂದು ವರ್ಷದಿಂದ ಆಸ್ಪತ್ರೆಗೆ ಬಂದಿರಲಿಲ್ಲ. ಫೋನೂ ಹೋಗುತ್ತಿರಲಿಲ್ಲ. ಕೆಲಸದ ಮೇಲೆ ವಿಜಯಪುರಕ್ಕೆ ಬಂದಿದ್ದ ನನಗೆ ಅವಳ ವೈದ್ಯರು, "ಹೆಂಗೂ ಬಂದೀರಿ, ಒಮ್ಮೆ ಆಕಿನ್ನ ನೋಡಿ ಬರ್ರಿ" ಎಂದು ವಿಳಾಸ ಕೊಟ್ಟಿದ್ದರು.

ಇಂಡಿಯಲ್ಲಿ ಲಿಂಬೆಕಾಯಿ ಚೀಲಗಳ ನಡುವೆ ಇಳಿದು ಮನೆ ಹುಡುಕಿದೆ. ಅಲ್ಲಿ ಬೇರೆ ಸಂಸಾರವಿತ್ತು. ಮನೆಯ ಒಡತಿ, ಎಪ್ಪತ್ತು ದಾಟಿದ ಅಜ್ಜಿ, ಹೇಳಿದಳು: "ಮನಿ ಖಾಲಿ ಮಾಡಿ ಭಾಳ ದಿನ ಆತ್ರಿ. ಅಡಿಗಿ ಭಾಂಡೆ ಎಲ್ಲಾ ನನಗ ಕೊಟ್ಟು, 'ಇನ್ನ ನನಗ ಬ್ಯಾಡ ಆಯಿ' ಅಂದಳು. ಸಿಂದಗಿಯೊಳಗ ಆಕಿ ಅಣ್ಣನ ಹೆಂಡ್ತಿ ಬಳೆ ಅಂಗಡಿ ಇಟ್ಟಾಳ, ಅಲ್ಲಿ ಕೇಳ್ರಿ."

ಸಿಂದಗಿ ಬಸ್ಸಿನಲ್ಲಿ ಆ ಭಾಂಡೆಗಳ ಮಾತೇ ತಲೆಯಲ್ಲಿ ಕೊರೆಯುತ್ತಿತ್ತು. ಬಿಸಿಲು ನೆತ್ತಿಗೇರಿತ್ತು. ಬಳೆ ಅಂಗಡಿಯ ಹೆಂಗಸಿನ ಹೆಸರು ಕೂಡ ಕೇಳದೆ, "ಕಸ್ತೂರಿ ಇದ್ದಾಳೆಯೇ?" ಎಂದುಬಿಟ್ಟೆ.

"ಅದಾಳ್ರಿ. ಮುದ್ದೇಬಿಹಾಳದಾಗ ಖಾನಾವಳಿಯೊಳಗ ರೊಟ್ಟಿ ಬಡೀತಾಳ. ಯಾಕ್ರಿ, ಹಿಂಗ್ಯಾಕ ಬೆವರೀರಿ? ಕುಂದರ್ರಿ, ನೀರು ಕುಡೀರಿ."

ತಾಳಿಕೋಟೆ ಮೇಲಿಂದ ಮುದ್ದೇಬಿಹಾಳ ಮುಟ್ಟುವಾಗ ನಾಲ್ಕು ಗಂಟೆ. ಮಾರ್ಕೆಟ್ ಯಾರ್ಡಿನ ಹಿಂದಿನ ಖಾನಾವಳಿಯಲ್ಲಿ, ಹಂಚಿನ ಮುಂದೆ ಕೂತಿದ್ದ ಕಸ್ತೂರಿ, ನಾನು ಯಾರೆಂದು ಹೇಳಿದ್ದೇ ಕೈಯ ಹಿಟ್ಟು ಒರೆಸಿಕೊಂಡು ಎದ್ದಳು. ಆಮೇಲೆ, "ಮೊದ್ಲ ಊಟ ಮಾಡ್ರಿ ಅಕ್ಕಾರ" ಎಂದಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ನಾನು ಉಂಡಾದ ಮೇಲೆ ತನ್ನ ಚೀಲದಿಂದ ಮಡಚಿದ ಕಾಗದವೊಂದನ್ನು ತೆಗೆದಳು.

ನಮ್ಮ ಪ್ರಯೋಗಾಲಯದ ಇಂಗ್ಲಿಷ್ ಪತ್ರ. ಕೆಳಗೆ ನನ್ನದೇ ಸಹಿ. ಈ ಅಧ್ಯಯನದಲ್ಲಿ ನಿಮ್ಮ ಪಾತ್ರ ಮುಗಿದಿದೆ, ಧನ್ಯವಾದ ಎಂದು ಅದರಲ್ಲಿತ್ತು.

"ಓಣಿಯವ್ರು ಓದಿ, 'ನಿಂದು ಮುಗೀತವ್ವ' ಅಂದ್ರು. ಡಾಕ್ಟರು ಕೈ ಬಿಟ್ರು ಅಂತ ತಿಳ್ಕೊಂಡೆ. ಸಾಯಾಕ ಕುಂತೆ. ಎರಡು ತಿಂಗಳಾತು, ನಾಕಾತು, ಸಾವು ಬರಲಿಲ್ಲ. ಹೊಟ್ಟಿ ಹಸೀತು. ರೊಟ್ಟಿ ಬಡಿಯಾಕ ಬಂದೆ."

"ಯಾರೂ ಕೈ ಬಿಟ್ಟಿಲ್ಲ ಕಸ್ತೂರಿ. ಹಾಗೆ ಬರೆದದ್ದು ನನ್ನ ತಪ್ಪು" ಎಂದೆ. ಅವಳು ಸಿಟ್ಟಾಗಲಿಲ್ಲ. ನನ್ನ ಬೆರಳುಗಳನ್ನು ಹಿಡಿದು ತನ್ನ ಕುತ್ತಿಗೆಗೆ ಒತ್ತಿಕೊಂಡಳು. "ಇಲ್ಲಿ ಸಣ್ಣದೊಂದು ಮತ್ತ ಬಂದೈತೇನ್ರಿ?"

ಬಟಾಣಿಯಷ್ಟು ಗಂಟು, ಬೆಚ್ಚಗಿನ ಚರ್ಮದಡಿ. ಪಕ್ಕದಲ್ಲೇ ನಾಡಿ ಬಡಿಯುತ್ತಿತ್ತು. "ನಾನು ಚಿಕಿತ್ಸೆ ಕೊಡುವ ಡಾಕ್ಟರಲ್ಲ, ಹೇಳಲಾರೆ. ನಾಳೆ ನನ್ನ ಜೊತೆ ವಿಜಯಪುರದ ಆಸ್ಪತ್ರೆಗೆ ಬನ್ನಿ."

ಮರುದಿನ ಬೆಳಗ್ಗೆ ಬಸ್ ನಿಲ್ದಾಣಕ್ಕೆ ಅವಳು ನನಗಿಂತ ಮೊದಲೇ ಬಂದಿದ್ದಳು. ಬಸವನ ಬಾಗೇವಾಡಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಾಗ ಚಹಾ ಕುಡಿದೆವು.

"ನಾ ಕೊಟ್ಟ ತುಣುಕು ಇನ್ನೂ ಐತ್ರಿ?"

"ಇದೆ, ಹೆಪ್ಪುಗಟ್ಟಿಸಿ ಇಟ್ಟಿದ್ದೇವೆ."

"ಅದರಿಂದ ಯಾರಿಗರೆ ಚಲೋ ಆತೇನು?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಇನ್ನೂ ಇಲ್ಲ. ಮುಂದೆ ಆಗಬಹುದು."

"ಆಗ್ಲಿ ಬಿಡ್ರಿ, ಅವಸರೇನಿಲ್ಲ" ಎಂದು ಚಹಾ ಊದಿದಳು.

ವಿಜಯಪುರದ ಆಸ್ಪತ್ರೆಯಲ್ಲಿ ಪರೀಕ್ಷೆಗಳಿಗೆ ಎರಡು ದಿನ ಹಿಡಿಯಿತು. ನಾನೂ ಉಳಿದೆ. ರೋಗ ಮರಳಿತ್ತು, ಆದರೆ ಕೈ ಮೀರಿರಲಿಲ್ಲ. ಚಿಕಿತ್ಸೆ ಹೊಸದಾಗಿ ಶುರುಮಾಡೋಣ ಎಂದು ವೈದ್ಯರು ಅವಳೆದುರೇ, ಅವಳ ಕನ್ನಡದಲ್ಲೇ ಬಿಡಿಸಿ ಹೇಳಿದರು.

ಸಂಜೆ ರೈಲಿಗೆ ಹೊರಟಾಗ ವಾರ್ಡಿನ ಬಾಗಿಲಲ್ಲಿ ನಿಂತು ತಿರುಗಿ ನೋಡಿದೆ. ಪಕ್ಕದ ಹಾಸಿಗೆಯಲ್ಲಿ ಬೋಳು ತಲೆಗೆ ಸೆರಗು ಹೊದ್ದು ಅಳುತ್ತಿದ್ದ ಹೆಂಗಸಿನ ಕೈಯನ್ನು ಕಸ್ತೂರಿ ಮತ್ತೆ ಬೆಳೆದ ತನ್ನ ಕೂದಲ ಮೇಲಿಟ್ಟುಕೊಂಡಿದ್ದಳು. "ಮುಟ್ಟಿ ನೋಡು. ನಂದೂ ಎಲ್ಲಾ ಉದುರಿತ್ತು. ಈಗ ಮತ್ತ ಉದುರ್ತಾವಂತ. ಉದುರ್ಲಿ, ಬರ್ತಾವ."