ಬೆಲೆಸೂಕ್ಷ್ಮ ಮಾಹಿತಿ ಮತ್ತು ಕಾಣೆ ಮೀನು

ನನ್ನ ಹೊಟ್ಟೆಯಲ್ಲಿ ಗುಟ್ಟು ನಿಂತೀತು, ಮುಖದಲ್ಲಿ ನಿಲ್ಲುವುದಿಲ್ಲ. ಇದು ಚಿಕ್ಕಂದಿನ ರೋಗ. ಇಂಥವನಿಗೆ ದೇವರು ಕೊಟ್ಟ ಉದ್ಯೋಗ ನೋಡಿ: ಮಂಗಳೂರಿನ ಕೊಟ್ಟಾರದ ಒಂದು ಗೋಡಂಬಿ ರಫ್ತು ಕಂಪನಿಯಲ್ಲಿ ಕಂಪನಿ ಸೆಕ್ರೆಟರಿ. ನಮ್ಮ ಶೇರುಗಳು ಪೇಟೆಯಲ್ಲಿವೆ. ಹಾಗಾಗಿ ಒಳಗೆ ಎಂತ ದೊಡ್ಡದು ನಡೆದರೂ ಕೆಲವೇ ಗಂಟೆಗಳೊಳಗೆ ಶೇರು ವಿನಿಮಯ ಕೇಂದ್ರಕ್ಕೆ ಬರೆದು ಲೋಕಕ್ಕೆಲ್ಲ ಸಾರಬೇಕು. ಇಂಥ ಸುದ್ದಿಗೆ ಕಾನೂನಿನಲ್ಲಿ 'ಬೆಲೆಸೂಕ್ಷ್ಮ ಮಾಹಿತಿ' ಅಂತ ಹೆಸರು, ಸಾರುವ ತನಕ ಹೊರಗಿನವರ ಕಿವಿಗೆ ಬೀಳಬಾರದು. ಬಿದ್ದು, ಅವರು ಶೇರು ಮಾರಿದರೆ ಅವರಿಗೆ ದಂಡ, ನನ್ನ ಕೆಲಸಕ್ಕೆ ಕುತ್ತು.

ಕಾನೂನು ತಪ್ಪು ಅಂತ ನಾನು ಹೇಳುವುದಿಲ್ಲ ಮಾರಾಯ್ರೆ. ಎಲ್ಲರಿಗೂ ಒಂದೇ ಹೊತ್ತಿಗೆ ಗೊತ್ತಾಗದಿದ್ದರೆ ಒಳಗಿದ್ದವರು ಹೊರಗಿದ್ದವರ ತಲೆ ಬೋಳಿಸಿಯಾರು. ಒಂದು ಕೊರತೆ ಮಾತ್ರ ಉಂಟು. ಗುಟ್ಟು ಸೋರೀತೆಂದು ಕಾನೂನು ಕಣ್ಣಿಟ್ಟ 'ಹತ್ತಿರದ ಸಂಬಂಧಿ'ಗಳ ಪಟ್ಟಿಯಲ್ಲಿ ಹೆಂಡತಿ, ಮಕ್ಕಳು, ಅಪ್ಪ, ಅಮ್ಮ ಎಲ್ಲ ಇದ್ದಾರೆ, ಸೋದರಮಾವ ಇಲ್ಲ! ಬರೆದವರು ತುಳುನಾಡು ಕಂಡವರಲ್ಲ. ಅಳಿಯಸಂತಾನದ ನಮ್ಮಲ್ಲಿ ಒಂದು ಕಾಲಕ್ಕೆ ಮನೆ, ಗದ್ದೆ, ಬೈಗಳು ಮೂರೂ ಬರುತ್ತಿದ್ದದ್ದು ಮಾಮನಿಂದಲೇ. ಆ ಕಟ್ಟು ಹೋಯಿತು, ಅಳಿಯನ ಮೇಲಿನ ಮಾಮನ ಕಣ್ಣು ಹೋಗಲಿಲ್ಲ.

ಆ ಬುಧವಾರ ಬೆಳಿಗ್ಗೆ ಹೊರದೇಶದ ನಮ್ಮ ದೊಡ್ಡ ಗಿರಾಕಿ ವರ್ಷದ ಗುತ್ತಿಗೆಯನ್ನೇ ರದ್ದು ಮಾಡಿ ಮೇಲ್ ಕಳಿಸಿದ. ಸುದ್ದಿ ಹೊರಬಿದ್ದ ಕೂಡಲೇ ಶೇರು ಬೀಳುವುದು ಖಂಡಿತ. ಎಂ.ಡಿ. ವಿಮಾನದಲ್ಲಿ, ಅವರು ಇಳಿದು ಒಪ್ಪದೆ ನನ್ನ ಕಾಗದ ಹೋಗುವಂತಿಲ್ಲ. ಮಧ್ಯಾಹ್ನ ಕೂಳೂರಿನ ಮಾಮನ ಮನೆಯಲ್ಲಿ ಊಟಕ್ಕೆ ಕರೆದಿದ್ದರು. ತಪ್ಪಿಸಿಕೊಂಡರೆ ಅದೇ ಒಂದು ಸುದ್ದಿ ಅಂತ ಹೆದರಿ ಹೋದೆ.

ಮಾಮ ದುಬೈಯಲ್ಲಿ ದುಡಿದು ತಂದದ್ದರ ದೊಡ್ಡ ಪಾಲು ನಮ್ಮ ಕಂಪನಿಯ ಶೇರಿನಲ್ಲೇ ಉಂಟು. ಮಗಳು ಹಲ್ಲಿನ ಡಾಕ್ಟರು, ಅವಳ ಕ್ಲಿನಿಕ್ಕಿಗೆಂದು ಇಟ್ಟದ್ದು. ಅತ್ತೆ ಕಾಣೆ ಫ್ರೈ ಬಡಿಸಿದರು. ಒಂದು ತುಣುಕು ಬಾಯಿಗಿಟ್ಟೆ. ಉಳಿದದ್ದನ್ನು ತಟ್ಟೆಯ ಬದಿಗೆ ಸರಿಸಿದೆ.

"ಎಂತ ಮಾರಾಯ, ಕಾಣೆ ಬಿಡ್ತೀಯಾ ನೀನು?" ಮಾಮ ಕೇಳಿದರು.

"ಹೊಟ್ಟೆ ಸರಿ ಇಲ್ಲ ಮಾಮ."

ಮಾಮ ನನ್ನ ಮುಖ ನೋಡಿದರು. ಆಮೇಲೆ ಮೊಬೈಲ್ ನೋಡಿದರು. ಅಯ್ಯೋ ದೇವರೇ, ಪೇಟೆ ಮುಚ್ಚಲು ಇನ್ನೂ ಎರಡು ಗಂಟೆ ಇತ್ತು!

ವಾಪಸ್ ಬರುವಾಗ ಕೂಳೂರು ಸೇತುವೆಯ ವಾಹನಗಳ ಬ್ಲಾಕಿನಲ್ಲಿ ಸಿಕ್ಕಿಕೊಂಡು ಕಾನೂನನ್ನು ಮನಸ್ಸಿನಲ್ಲೇ ಮಗುಚಿ ಹಾಕಿದೆ. ಬಾಯಲ್ಲಿ ಹೇಳುವುದು ತಪ್ಪು, ವಾಟ್ಸಾಪಿನಲ್ಲಿ ಹಾಕುವುದು ತಪ್ಪು. ಮೀನು ಬಿಡುವುದು? ನಾಳೆ ವಿಚಾರಣೆಯಲ್ಲಿ "ಇವರು ಕಾಣೆ ಬಿಟ್ಟ ದಿನವೇ ಸೋದರಮಾವ ಶೇರು ಮಾರಿದ್ದಾರೆ" ಎಂದರೆ ಯಾವ ವಕೀಲ ನನ್ನನ್ನು ಉಳಿಸಿಯಾನು? ಕಾಣೆಯ ರುಚಿ ಬಲ್ಲ ಮಂಗಳೂರಿನ ವಕೀಲನಾದರೆ ಅವನೇ ಮೊದಲು ತಪ್ಪೊಪ್ಪಿಕೋ ಅಂದಾನು.

ಸಂಜೆ ನಾಲ್ಕಕ್ಕೆ ಕಾಗದ ಹೋಯಿತು. ಮರುದಿನ ಶೇರು ದೊಪ್ಪನೆ ಬಿತ್ತು. ನಾನು ಫೋನು ಹಿಡಿದು ಅರ್ಧ ಗಂಟೆ ಕುಳಿತೆ. ಮಾಮ ಮಾರಿದ್ದರೆ ನನ್ನ ಕೆಲಸ ಹೋಯಿತು, ಮಾರದಿದ್ದರೆ ಮಗಳ ಕ್ಲಿನಿಕ್ ಹೋಯಿತು. ಯಾವುದನ್ನು ದೇವರಲ್ಲಿ ಬೇಡುವುದು?

"ಮಾಮ, ಶೇರು..." ಅಂದೆ ಕೊನೆಗೆ.

"ಹಾಗೇ ಉಂಟು. ಮಾರಲಿಕ್ಕೆ ಅಂತಲೇ ಮೊಬೈಲ್ ತೆಗೆದದ್ದು. ನಿನ್ನ ಮುಖ ನೋಡಿದ ಮೇಲೆ ಯಾರಿಗೆ ಗೊತ್ತಾಗುವುದಿಲ್ಲ? ಮತ್ತೆ ಕೆಳಗಿಟ್ಟೆ. ಯಾರು ಹೇಳಿದ್ದು ಅಂತ ನಾಳೆ ನಿನ್ನನ್ನೇ ಹಿಡೀತಾರಲ್ಲ."

ನನಗೆ ಹೋದ ಜೀವ ಬಂತು. ಬೆನ್ನಿಗೇ ನಾಚಿಕೆಯೂ ಬಂತು. ಮಾಮನ ನಷ್ಟ ಕೇಳಿ ಸಮಾಧಾನದ ಉಸಿರು ಬಿಟ್ಟ ಅಳಿಯ ನಾನು! ಆ ನಾಚಿಕೆ ಮುಚ್ಚಲು ಸ್ವಲ್ಪ ದನಿ ಏರಿಸಿ, "ಒಂದೇ ಕಂಪನಿಯಲ್ಲಿ ಅಷ್ಟು ಯಾಕೆ ಹಾಕಿದ್ದು ಮಾಮ? ಎಂತೆಂಥ ಅಪಾಯ ಉಂಟು ಅಂತ ವರ್ಷ ವರ್ಷ ವರದಿಯಲ್ಲಿ ಬರೀತೇವಲ್ಲ, ಓದಲಿಲ್ವಾ?" ಎಂದೆ.

"ಅದನ್ನೆಲ್ಲ ಯಾರು ಓದ್ತಾರೆ ಮಾರಾಯ? ನೀನಿದ್ದೀ ಅಂತ ಹಾಕಿದ್ದು. ಈಗಲೂ ಇದ್ದೀಯಲ್ಲ?"

ಆ ವರದಿಯ ಪ್ರತಿ ಸಾಲನ್ನೂ ಬರೆದವನು ನಾನೇ. ಈ ಅಪಾಯವನ್ನು ಮಾತ್ರ ಎಲ್ಲಿಯೂ ಬರೆದಿರಲಿಲ್ಲ.

"ಇದ್ದೇನೆ ಮಾಮ" ಅಂದೆ.