ಸಕ್ಕೂಬಾಯಿಯ ಗೋಡೆಯ ಮೇಲಿನ ಬರಹ

ಮಹಾದೇವಿ, ಆ ದಿನ ನೀವು ಓದಿದ್ದು ಸರಿಯಾಗಿತ್ತು. ತಪ್ಪು ಓದಿದ್ದೀರಿ ಎಂದು ನಾಲ್ಕು ಜನರ ಎದುರು ಹೇಳಿದವನು ನಾನು. ಹೇಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು.

ಇದನ್ನು ಮೊದಲೇ ಬರೆದುಬಿಟ್ಟಿದ್ದೇನೆ. ಹಿಂದಿನಿಂದ ಹೇಳುತ್ತ ಬಂದರೆ ದಾರಿಯಲ್ಲಿ ಎಲ್ಲಿ ಕಾರಣಗಳನ್ನು ಕೊಡಲು ಶುರುಮಾಡುತ್ತೇನೋ ಎಂಬ ಹೆದರಿಕೆ — ನನ್ನ ಕೈಗೆ ಅದು ರೂಢಿಯಾಗಿದೆ. ಮೂವತ್ತು ವರ್ಷ ಕಾರಣಗಳನ್ನೇ ಬರೆದ ಕೈ.

ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಿಮಗೆ ಗೊತ್ತು. ಬೇರೆಯವರು ಓದಿದರೆ, ನಿಪ್ಪಾಣಿ, ಚಿಕ್ಕೋಡಿ ಕಡೆಯ ಒಂದು ಊರು ಎಂದು ತಿಳಿದರೆ ಸಾಕು. ಅಲ್ಲಿಯ ಪುರಸಭೆಯಲ್ಲಿ ನಾನು ವರ್ಕ್ ಇನ್‌ಸ್ಪೆಕ್ಟರ್ ಆಗಿದ್ದೆ. ರಸ್ತೆ, ಗಟಾರ, ನೀರಿನ ಪೈಪು — ಹೇಳಿದ ಜಾಗದಲ್ಲಿ, ಹೇಳಿದ ಆಳಕ್ಕೆ ಆಗಿದೆಯೇ ಎಂದು ನಿಂತು ನೋಡುವುದು, ಟೇಪು ಹಿಡಿದು ಅಳೆಯುವುದು, ಅಳತೆ ಪುಸ್ತಕಕ್ಕೆ ಬರೆಯಲು ಎಂಜಿನಿಯರರಿಗೆ ಒಪ್ಪಿಸುವುದು ನನ್ನ ಕೆಲಸ. ಎಂಜಿನಿಯರರು ನನ್ನನ್ನು ನಂಬಿ ಸಹಿ ಮಾಡುತ್ತಿದ್ದರು. ಮುಖ್ಯಾಧಿಕಾರಿಗಳು ಎಂಜಿನಿಯರರನ್ನು ನಂಬುತ್ತಿದ್ದರು. ಸಭೆಯಲ್ಲಿ ಸದಸ್ಯರು ಎಲ್ಲರನ್ನೂ ನಂಬಿ ಕೈ ಎತ್ತುತ್ತಿದ್ದರು. ಜಾಗಕ್ಕೆ ಹೋಗಿ ಕಣ್ಣಾರೆ ನೋಡುವವನು ಮಾತ್ರ ನಾನೊಬ್ಬನೇ.

ನಿಮ್ಮ ಗಲ್ಲಿಗೆ ಗಟಾರ ಮಂಜೂರಾದದ್ದು ನೀವು ಸೊಸೆಯಾಗಿ ಬರುವುದಕ್ಕಿಂತ ಮೊದಲು. ಆದರೆ ಕಟ್ಟಿದ್ದು ಅಲ್ಲಲ್ಲ — ಬಸ್‌ಸ್ಟ್ಯಾಂಡಿನ ಹಿಂದಿನ ಹೊಸ ಪ್ಲಾಟುಗಳಲ್ಲಿ. ವಾರ್ಡಿನ ಸದಸ್ಯರು ನನ್ನನ್ನು ಕರೆದು, “ಅಲ್ಲಿ ಮಂದಿ ಭಾಳ ಬೆನ್ನ ಹತ್ಯಾರ. ಈ ಸಲ ಅಲ್ಲಿ ಹಾಕೂಣು, ಗಲ್ಲೀದು ಮುಂದಿನ ಸಲ,” ಎಂದರು. ನಾನು “ಹೂಂ ರಿ” ಎಂದೆ. ಯಾರೂ ನನಗೆ ಏನನ್ನೂ ಕೊಡಲಿಲ್ಲ. ಹೆದರಿಸಲಿಲ್ಲ ಕೂಡ. ಇಲ್ಲ ಎನ್ನಬಹುದಿತ್ತು — ಅದು ಆಗ ನನಗೆ ಹೊಳೆಯಲೇ ಇಲ್ಲ ಎಂದು ಬರೆಯಲು ಹೊರಟಿದ್ದೆ. ಹೊಳೆದಿತ್ತು.

ಕೆಲಸ ಮುಗಿದ ಮೇಲೆ ಮಂಜೂರಾದ ಜಾಗದಲ್ಲಿ ಒಂದು ಫಲಕ ಇರಬೇಕು, ಅದರ ಫೋಟೋ ಫೈಲಿಗೆ ಸೇರಬೇಕು. ಆ ಒಂದು ಫೋಟೋದಲ್ಲಿ ಜಾಗದ ಜಿಪಿಎಸ್ ಗುರುತು ಇರಲೇಬೇಕು, ಹಾಗಾಗಿ ಫಲಕವನ್ನು ಬೇರೆ ಕಡೆ ಬರೆಸಲು ಬರುವುದಿಲ್ಲ. ಗಟಾರದ ಫೋಟೋಕ್ಕೆ ಆ ಗುರುತು ಬೇಕಿಲ್ಲ, ಹತ್ತಿರದಿಂದ ತೆಗೆದರೆ ಅದು ಯಾವ ಗಲ್ಲಿಯದೆಂದು ಯಾರೂ ಕೇಳುವುದಿಲ್ಲ. ಫಲಕದ್ದು ಮಾತ್ರ ನಿಮ್ಮ ಗಲ್ಲಿಯಲ್ಲೇ ಆಗಬೇಕಿತ್ತು.

ಪೇಂಟರನನ್ನು ಕರೆದುಕೊಂಡು ಹೋದೆ. ಗಲ್ಲಿಯ ತಿರುವಿನಲ್ಲಿ ನಿಮ್ಮ ಅತ್ತೆಯ ಮನೆ. ಮಣ್ಣಿನ ಗೋಡೆ, ಹೊಸದಾಗಿ ಸುಣ್ಣ ಬಳಿದಿತ್ತು. ಸಕ್ಕೂಬಾಯಿ ಹೊರಗೆ ಅದೇ ಗೋಡೆಗೆ ಬೆನ್ನು ಕೊಟ್ಟು, ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಕೇಳುವ ಮೊದಲೇ ಎದ್ದು ಜಾಗ ಬಿಟ್ಟರು. ಚಹಾ ಮಾಡಿ ತಂದರು. ಪೇಂಟರ ಹಳದಿ ಬಣ್ಣದ ಚೌಕ ಹಾಕಿ ನೀಲಿ ಅಕ್ಷರ ಬರೆಯುವುದನ್ನು ಕುತೂಹಲದಿಂದ ನೋಡಿದರು.

“ಅಹೋ ಸಾಹೇಬ, ನನ್ನ ಗ್ವಾಡಿ ಮ್ಯಾಲ ಏನ ಬರಸಾಕತ್ತೀರಿ?”

ನನ್ನ ಕೈಯಲ್ಲಿ ಅವರ ಚಹಾದ ಕಪ್ಪು ಇತ್ತು.

“ಗಟಾರ ಬರ್ತೈತಿ ಅಂತ ಬರದೇವ್ರಿ, ಆಯಿ.”

ಅವರು ಒಳಗೆ ಹೋಗಿ ಮುಖ ತೊಳೆದು, ತಲೆ ಬಾಚಿಕೊಂಡು, ತಲೆಯ ಮೇಲೆ ಸೆರಗು ಹೊದ್ದುಕೊಂಡು ಬಂದು ಫಲಕದ ಪಕ್ಕದಲ್ಲಿ ನಿಂತರು. ಪಕ್ಕಕ್ಕೆ ಸರಿಯಿರಿ ಎಂದೆ. “ನನ್ನ ಗ್ವಾಡಿ, ನಾ ನಿಲ್ಲಬಾರದೇನ?” ಎಂದು ನಕ್ಕರು. ಆ ನಗುವಿನ ಜೊತೆಗೇ ಫೋಟೋ ಬಂತು. ಕಚೇರಿಯಲ್ಲಿ ಅದನ್ನು ಮೆಚ್ಚಿದರು. ಅದರ ಕೆಳಗೆ ‘ಫಲಾನುಭವಿಯೊಂದಿಗೆ’ ಎಂದು ಟೈಪು ಮಾಡಿ ಫೈಲಿಗೆ ಹಚ್ಚಿದರು.

ಗೋಡೆಯ ಮೇಲೆ ಇದ್ದದ್ದು ಇಷ್ಟು: ‘ಈ ಗಲ್ಲಿಯ ಎರಡೂ ಬದಿಗೆ ಕಾಂಕ್ರೀಟ್ ಚರಂಡಿ ನಿರ್ಮಾಣ. ಕಾಮಗಾರಿ ಪೂರ್ಣಗೊಂಡಿದೆ.’

ಹಾಗೆ ಬಯಲಿನಲ್ಲಿ ಬರೆದಿಟ್ಟ ಸುಳ್ಳು ಅಷ್ಟು ವರ್ಷ ಹೇಗೆ ಉಳಿಯಿತು ಎಂದು ನೀವು ಕೇಳಬಹುದು. ನಿಮ್ಮ ಗಲ್ಲಿಯ ಮಕ್ಕಳು ಮರಾಠಿ ಶಾಲೆಗೆ ಹೋಗುತ್ತಿದ್ದರು. ಓದು ಬಲ್ಲ ದೊಡ್ಡವರೂ ಮರಾಠಿ ಕಲಿತವರೇ. ಎಲ್ಲರ ಬಾಯಲ್ಲಿ ಕನ್ನಡವಿತ್ತು, ಕಣ್ಣಿಗೆ ಅದರ ಅಕ್ಷರದ ರೂಢಿ ಇರಲಿಲ್ಲ. ಒಬ್ಬಿಬ್ಬರು ಓದಿರಲೂಬಹುದು, ಓದಿ ಸುಮ್ಮನಿದ್ದಿರಬಹುದು. ನಾನು ಇದನ್ನೆಲ್ಲ ಲೆಕ್ಕ ಹಾಕಿಯೇ ಬರೆಸಿದೆನೇ? — ಇಲ್ಲ ಎಂದು ಖಚಿತವಾಗಿ ಹೇಳಲಾರೆ.

ಸಕ್ಕೂಬಾಯಿ ಆ ಬರಹವನ್ನು ಕಾಪಾಡಿದರು. ಪ್ರತಿ ದೀಪಾವಳಿಗೆ ಗೋಡೆಗೆ ಸುಣ್ಣ ಬಳಿಯುವಾಗ ಹಳದಿ ಚೌಕದ ಅಂಚಿಗೆ ಬಂದು ಕುಂಚ ನಿಲ್ಲಿಸುತ್ತಿದ್ದರಂತೆ. ಒಂದು ಹನಿ ಸಿಡಿದರೂ ಸೆರಗಿನಿಂದ ಒರೆಸುತ್ತಿದ್ದರಂತೆ. ವರ್ಷಕ್ಕೊಮ್ಮೆ ಕಚೇರಿಗೆ ಬಂದು, “ಬರದದ್ದು ಹಂಗ ಇಟ್ಟೇನ್ರಿ ಸಾಹೇಬ. ಯಾವಾಗ ಬರ್ತೈತಿ?” ಎಂದು ಕೇಳುತ್ತಿದ್ದರು. “ಬರ್ತೈತ್ರಿ ಆಯಿ,” ಎನ್ನುತ್ತಿದ್ದೆ. ಆದರೆ ಪುರಸಭೆಯ ದಾಖಲೆಯಲ್ಲಿ ಗಟಾರ ಇದೆ ಎಂದ ಮೇಲೆ ಅದೇ ಗಲ್ಲಿಗೆ ಮತ್ತೊಂದು ಗಟಾರ ಮಂಜೂರಾಗುವುದಿಲ್ಲ. ಸದಸ್ಯರ ಆ ‘ಮುಂದಿನ ಸಲ’ವನ್ನು ಬರಲಾಗದಂತೆ ಮಾಡಿದ್ದು ಆ ಫಲಕವೇ. ಸಕ್ಕೂಬಾಯಿ ಕಾಪಾಡುತ್ತಿದ್ದದ್ದು ಅದನ್ನು.

ಆಮೇಲೆ ನೀವು ಬಂದಿರಿ. ರಾಯಬಾಗ ಕಡೆಯ ಅಲಖನೂರಿನವರು, ಕನ್ನಡ ಶಾಲೆಯಲ್ಲಿ ಓದಿದವರು. ಹೊಸಿಲು ದಾಟಿ ಬಂದ ವಾರದೊಳಗೆ ಗೋಡೆಯ ಮೇಲಿನದನ್ನು ಓದಿದಿರಿ, ಅತ್ತೆಗೆ ಹೇಳಿದಿರಿ. ಅವರು ನಂಬಲಿಲ್ಲ. ನಿಮ್ಮನ್ನು ಕರೆದುಕೊಂಡು ನೇರ ನನ್ನ ಮೇಜಿನ ಮುಂದೆ ಬಂದರು. ಹೊತ್ತು ಹನ್ನೊಂದರ ಮೇಲಾಗಿತ್ತು, ಕಚೇರಿ ತುಂಬಿತ್ತು.

“ಸಾಹೇಬ, ಈಕಿ ನಮ್ಮ ಮಾರುತಿ ಹೇಣ್ತಿ. ಗಟಾರ ಮುಗದೈತಿ ಅಂತ ಬರದೈತಿ ಅಂತಾಳ. ಮುಗದ ಗಟಾರ ನನ್ನ ಕಣ್ಣಿಗೆ ಕಾಣೂದಿಲ್ಲೇನ? ನೀವ ಹೇಳ್ರಿ ಈಕಿಗೆ.”

ಪಕ್ಕದ ಮೇಜಿನ ಗುಮಾಸ್ತ ನಕ್ಕ. “ಸಕ್ಕೂಬಾಯಾರ, ಸೊಸಿ ಭಾರಿ ಪಂಡಿತ ಸಿಕ್ಕಾಳ ಬಿಡ್ರಿ.”

ನಾನು ಪೆನ್ನಿನ ಟೊಪ್ಪಿಗೆ ಹಾಕಿದೆ. ಮತ್ತೆ ತೆಗೆದೆ. ಅಷ್ಟು ಹೊತ್ತು ಇತ್ತು — ಅಷ್ಟು ಹೊತ್ತಿನಲ್ಲಿ ನಿಜ ಹೇಳಬಹುದಿತ್ತು.

“ಬಣ್ಣ ಹಾರೈತಿ, ಅಕ್ಷರ ಸರಿ ಕಾಣೂದಿಲ್ಲ. ತಂಗಿ, ನಿನಗ ಸರಿ ಓದಾಕ ಬಂದಿಲ್ಲ.”

“ಹತ್ತನೇತ್ತಾ ಪಾಸ ಆಗೇನ್ರಿ ನಾ,” ಎಂದಿರಿ ನೀವು. ದನಿ ಏರಿಸಲಿಲ್ಲ. “ಅಕ್ಷರ ಸ್ವಚ್ಛ ಅದಾವ್ರಿ. ಅತ್ತಿ ಒಂದ ಹನಿ ಸುಣ್ಣಾ ಬೀಳಾಕ ಬಿಟ್ಟಿಲ್ಲ.”

“ಬಾಯಿ ಮುಚ್ಚ ಬೇ! ಬರಿಸಿದಾವ್ರು ಸಾಹೇಬ್ರು. ಅವರಿಗಿಂತ ನಿನಗ ಹೆಚ್ಚ ಗೊತ್ತೇನ?” ಎಂದು ಗದರಿದರು ಸಕ್ಕೂಬಾಯಿ.

ನೀವು ನನ್ನನ್ನು ನೋಡಿದಿರಿ. ಸಿಟ್ಟಿನಿಂದಲ್ಲ. ಈತನಿಗೆ ಗೊತ್ತಿದೆ ಎಂದು ನಿಮಗೆ ತಿಳಿಯಿತು, ನಿಮಗೆ ತಿಳಿಯಿತೆಂದು ನನಗೂ ತಿಳಿಯಿತು. ಸೆರಗು ಸರಿಮಾಡಿಕೊಂಡು ಅತ್ತೆಯ ಹಿಂದೆ ನಡೆದಿರಿ.

ಒಂದು ಮಾತಿನಿಂದ ಏನು ಕಸಿದುಕೊಂಡೆ ಎಂಬುದು ಆಗ ತಿಳಿಯಲಿಲ್ಲ. ತಿಂಗಳೊಪ್ಪತ್ತಿನ ಮೇಲೆ ನೀರಿನ ವಾಲ್ವ್ ನೋಡಲು ನಿಮ್ಮ ಗಲ್ಲಿಯ ಕಡೆ ಬಂದಿದ್ದೆ. ನಳದ ಮುಂದೆ ಹೆಂಗಸರು ಸಾಲಾಗಿ ನಿಂತಿದ್ದರು. ಒಬ್ಬಾಕೆ ನಿಮಗೆ ಕೇಳುವಂತೆ ಕೂಗಿದಳು: “ಏ ಮಾಸ್ತರ್‌ಬಾಯಿ, ನನ್ನ ರೇಶನ್ ಕಾರ್ಡ ಒಂದೀಟ ತಪ್ಪ ಓದ ಬಾ, ಅಕ್ಕಿ ಹೆಚ್ಚಿಗಿ ಬರಲಿ!” ಎಲ್ಲರೂ ನಕ್ಕರು. ಸಕ್ಕೂಬಾಯಿಯೂ ನಕ್ಕರು. ನೀವು ಕೊಡ ಎತ್ತಿಕೊಂಡು, ಗಲ್ಲಿಯ ನಡುವೆ ನಿಂತಿದ್ದ ಕಪ್ಪು ನೀರಿನಲ್ಲಿ ಹಾಕಿದ್ದ ಕಲ್ಲುಗಳ ಮೇಲೆ ಹೆಜ್ಜೆ ಇಡುತ್ತ ಹೋದಿರಿ. ನಾನು ವಾಲ್ವಿನ ಮೇಲೆ ಬಗ್ಗಿ ನಿಂತಿದ್ದೆ.

ಆ ಮಳೆಗಾಲದಲ್ಲಿ ನಿಮ್ಮ ಅರ್ಜಿ ಬಂತು. ಗೆರೆ ಇಲ್ಲದ ಹಾಳೆಯ ಮೇಲೆ ಗೆರೆ ಹಾಕಿದಷ್ಟು ನೇರ ಸಾಲುಗಳು, ದುಂಡು ಅಕ್ಷರ. ಗಲ್ಲಿಯಲ್ಲಿ ಗಟಾರ ಇಲ್ಲ, ಬಚ್ಚಲ ನೀರು, ಮಳೆ ನೀರು ಎಲ್ಲ ನಮ್ಮ ಗೋಡೆಯ ಬುಡಕ್ಕೆ ನಿಲ್ಲುತ್ತದೆ, ಬುಡ ಮೆತ್ತಗಾಗಿದೆ, ಕೈ ಒತ್ತಿದರೆ ಮಣ್ಣು ಬರುತ್ತದೆ, ಅತ್ತೆಯವರು ದಿನವೂ ಅದೇ ಗೋಡೆಗೆ ಒರಗಿ ಕೂಡುತ್ತಾರೆ, ನಾನು ಹೇಳಿದರೆ ಕೇಳುವುದಿಲ್ಲ, ಯಾರಾದರೂ ಬಂದು ನೋಡಬೇಕು ಎಂದು ಬರೆದಿದ್ದಿರಿ. ಒಂದೂ ತಪ್ಪು ಇರಲಿಲ್ಲ. ಮಹಾದೇವಿ, ನಾನು ಅದರಲ್ಲಿ ತಪ್ಪು ಹುಡುಕಿದೆ.

ಅರ್ಜಿ ಸ್ಥಳ ಪರಿಶೀಲನೆಗೆ ನನ್ನ ಬಳಿಗೇ ಬಂದಿತ್ತು. ಒಪ್ಪಿಕೊಂಡರೆ ಹಳೆಯ ಫೈಲು ತೆರೆಯಬೇಕು. ನಾನು ಹೋಗಲಿಲ್ಲ. ಕುರ್ಚಿಯಲ್ಲೇ ಕೂತು ಬರೆದೆ: ‘ಸ್ಥಳ ಪರಿಶೀಲಿಸಲಾಗಿದೆ. ಸದರಿ ಗಲ್ಲಿಯಲ್ಲಿ ಚರಂಡಿ ಇರುತ್ತದೆ. ಅರ್ಜಿ ಮುಕ್ತಾಯಗೊಳಿಸಬಹುದು.’ ಆಧಾರಕ್ಕೆ ಫೋಟೋದ ಪ್ರತಿ ಲಗತ್ತಿಸಿದೆ — ಹಳದಿ ಚೌಕದ ಪಕ್ಕ ಸೆರಗು ಹೊದ್ದು ನಗುತ್ತಿರುವ ನಿಮ್ಮ ಅತ್ತೆ. ಅವರ ನಗುವನ್ನೇ ಅವರ ವಿರುದ್ಧ ಸಾಕ್ಷಿ ಮಾಡಿದೆ.

ಹದಿನೇಳು ದಿನಗಳ ಮೇಲೆ ಗೋಡೆ ಬಿತ್ತು. ಮಧ್ಯಾಹ್ನ, ಮಳೆ ನಿಂತು ಬಿಸಿಲು ಬಿದ್ದ ಹೊತ್ತು. ಸಕ್ಕೂಬಾಯಿ ಎಂದಿನ ಜಾಗದಲ್ಲಿ ಕೂತು ಬೀಡಿ ಕಟ್ಟುತ್ತಿದ್ದರು. ಆಸ್ಪತ್ರೆಯಲ್ಲಿ ಮೂರನೆಯ ದಿನ ತೀರಿಕೊಂಡರು.

ಹಾನಿಯ ವರದಿ ಬರೆಯಲು ನನ್ನನ್ನೇ ಕಳಿಸಿದರು. ಗೋಡೆ ನಡುವಿನಿಂದ ಮುರಿದಿರಲಿಲ್ಲ, ಬುಡದಿಂದ ಕುಳಿತು ಹೊರಗೆ ಮಲಗಿತ್ತು. ಮಣ್ಣಿನ ಹೆಂಟೆಗಳ ನಡುವೆ ಬೀಡಿ ಕಟ್ಟುವ ತೆಂಡು ಎಲೆಗಳು ಬಿದ್ದಿದ್ದವು. ನೀವು ಒಳಗಿನಿಂದ ಬಂದಿರಿ. ಎರಡೂ ಕೈಯಲ್ಲಿ ಗೋಡೆಯ ಒಂದು ತುಂಡು, ಹಳದಿ ಬಣ್ಣದ್ದು, ಮೇಲೆ ನೀಲಿ ಅಕ್ಷರ. ಅಳುತ್ತಿರಲಿಲ್ಲ. ತುಂಡನ್ನು ನನ್ನ ಮುಂದೆ ಹಿಡಿದಿರಿ.

“ಈಗರ ಓದ್ರಿ, ಸಾಹೇಬ್ರ.”

ಮಾರುತಿ ನಿಂತಿದ್ದ. ನಳದ ಮುಂದೆ ನಕ್ಕ ಹೆಂಗಸರು ನಿಂತಿದ್ದರು. ‘ಪೂರ್ಣ’ ಎಂಬುದು ಪೂರ್ತಿ ಕಾಣುತ್ತಿತ್ತು. ಮುಂದಿನದು ಒಡೆದಿತ್ತು.

“ಒಡದೈತಿ, ತಂಗಿ,” ಎಂದೆ. ‘ಹಳೆಯ ಮಣ್ಣಿನ ಗೋಡೆ, ಮಳೆಯಿಂದ ಕುಸಿದಿದೆ’ ಎಂದು ಬರೆದುಕೊಂಡು ಬಂದೆ.

ಅದಾಗಿ ಎಂಟು ವರ್ಷ. ನಾನು ನಿವೃತ್ತನಾಗಿ ಎರಡು ವರ್ಷ. ನಮ್ಮದು ಭೋಜ ಗ್ರಾಮದ ಜೈನ ಮನೆತನ. ಪ್ರತಿ ವರ್ಷ ಕ್ಷಮಾವಣಿಯ ದಿನ ಬಸದಿಯಲ್ಲಿ, ಓಣಿಯಲ್ಲಿ, ಕಂಡಕಂಡವರಿಗೆ ಕೈಮುಗಿದು ಕ್ಷಮೆ ಕೇಳುತ್ತೇವೆ — ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಮನ್ನಿಸಿ ಎಂದು. ಯಾವ ತಪ್ಪು ಎಂದು ಹೇಳಬೇಕಿಲ್ಲ, ಅವರೂ ಕೇಳುವುದಿಲ್ಲ. ಎಂಟು ವರ್ಷ ಹಾಗೆ ಕೈಮುಗಿದೆ. ಈ ವರ್ಷ ಕೈಮುಗಿದು ನಿಂತಾಗ, ಎದುರಿಗಿದ್ದವರಲ್ಲಿ ಯಾರಿಗೂ ನಾನು ಏನೂ ಮಾಡಿರಲಿಲ್ಲ ಎಂದು ಕಂಡಿತು. ಮಾಡಿದ್ದು ನಿಮಗೆ. ಕೈಮುಗಿಯಲು ನಿಮ್ಮ ಬಳಿಗೆ ಒಮ್ಮೆಯೂ ಬಂದಿರಲಿಲ್ಲ.

ಹೋದ ಸೋಮವಾರ ಪುರಸಭೆಗೆ ಲಿಖಿತ ಹೇಳಿಕೆ ಕೊಟ್ಟಿದ್ದೇನೆ. ಗಟಾರ ಎಲ್ಲಿ ಮಂಜೂರಾಗಿತ್ತು, ಎಲ್ಲಿ ಕಟ್ಟಿದರು, ಫಲಕ ಯಾರು ಬರೆಸಿದರು, ನಿಮ್ಮ ಅರ್ಜಿಗೆ ಜಾಗಕ್ಕೆ ಹೋಗದೆ ಯಾರು ವರದಿ ಬರೆದರು — ಎಲ್ಲ ನನ್ನ ಸಹಿಯ ಮೇಲಿದೆ. ಟಪಾಲಿನ ಗುಮಾಸ್ತ ಓದಿ ತಲೆ ಎತ್ತಿದ. “ರಿಟೈರ್ ಆದ ಮ್ಯಾಲ ಯಾಕ್ರಿ ಅಣ್ಣಾರ ಇದೆಲ್ಲಾ?” ಎಂದ. ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದೆ. ಅದರ ಒಂದು ಪ್ರತಿ ಈ ಪತ್ರದ ಜೊತೆಗಿದೆ. ಗಲ್ಲಿಯ ಜನ ಮುಂದೆ ಏನು ಕೇಳಬೇಕೆಂದರೂ ನಿಮ್ಮ ಕೈಯಲ್ಲಿ ಅದಿರಲಿ. ನನ್ನ ಮೇಲೆ ಏನು ಬಂದರೂ ಬರಲಿ. ಅದರಿಂದ ಸಕ್ಕೂಬಾಯಿ ಎದ್ದು ಬಂದು ಗೋಡೆಗೆ ಒರಗಿ ಕೂಡುವುದಿಲ್ಲ.

ಒಂದು ಕೆಲಸ ಉಳಿದಿದೆ. ಈ ಭಾನುವಾರ ಬೆಳಿಗ್ಗೆ, ನಳಕ್ಕೆ ನೀರು ಬರುವ ಹೊತ್ತಿಗೆ ನಿಮ್ಮ ಗಲ್ಲಿಗೆ ಬರುತ್ತೇನೆ. ಆಗ ಎಲ್ಲರೂ ಹೊರಗಿರುತ್ತಾರೆ. ನೀವು ಮಾತಾಡಬೇಕಿಲ್ಲ, ಚಹಾ ಮಾಡಬೇಕಿಲ್ಲ, ಹೊರಗೆ ಬರದಿದ್ದರೂ ಸರಿ. ಮನ್ನಿಸಿ ಎಂದು ಕೇಳಲು ಬರುತ್ತಿಲ್ಲ. ಗೋಡೆ ಇಲ್ಲ, ಆ ಫೋಟೋ ನನ್ನ ಬಳಿ ಇದೆ. ಅದರಲ್ಲಿ ಅಕ್ಷರ ಸ್ವಚ್ಛವಾಗಿವೆ.

ನಿಮ್ಮನ್ನು ನೋಡಿ ನಕ್ಕವರೆಲ್ಲ ಕೇಳುವಂತೆ ಅದನ್ನು ಓದುತ್ತೇನೆ, ಮಹಾದೇವಿ. ಮೊದಲ ದಿನ ನೀವು ಓದಿದ ಹಾಗೆ, ಒಂದಕ್ಷರ ಬಿಡದೆ.